ಹೆಬ್ಬಾಳ ದಾಟಿದ ಮೇಲೆ ಉಳಿದ ಮೂರೂಮುಕ್ಕಾಲು ಗಂಟೆ

ಕಳೆದ ಡಿಸೆಂಬರ್‌ನಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಒಂದು ಭಾನುವಾರ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕಾಗಿತ್ತು. ವಿಮಾನ ಇದ್ದದ್ದು ಸಂಜೆ ಆರೂವರೆಗೆ. ಜಯನಗರದ ಅಕ್ಕನ ಮನೆಯಿಂದ ಮಧ್ಯಾಹ್ನ ಒಂದೂವರೆಗೇ ಹೊರಟೆ, ಏಕೆಂದರೆ ಹೆಬ್ಬಾಳದ ಫ್ಲೈಓವರ್ ಹತ್ತಿರ ಯಾವ ದಿನ ಏನು ಕಾದಿರುತ್ತದೆಂದು ಯಾರೂ ಹೇಳಲಾರರು. “ಬೇಗ ಹೋಗಿ ಅಲ್ಲೇ ಕೂತ್ಕೋ, ಇಲ್ಲಿ ಕೂತು ಮಾಡೋದೇನಿದೆ” ಎಂದು ಅಕ್ಕ ನಾನು ಮಜ್ಜಿಗೆ ಅನ್ನ ಮುಗಿಸುವ ಮೊದಲೇ ಅವಸರ ಮಾಡಿದ್ದಳು. ಅಂದು ನೋಡಿದರೆ ರಸ್ತೆ ಖಾಲಿ. ಎರಡೂಮುಕ್ಕಾಲಿಗೆ ವಿಮಾನ ನಿಲ್ದಾಣದ ಬಾಗಿಲಲ್ಲಿದ್ದೆ.

ಅದೇ ವಿಮಾನ ಸಂಸ್ಥೆಯ ಇನ್ನೊಂದು ದೆಹಲಿ ವಿಮಾನ ನಾಲ್ಕೂಕಾಲಿಗೆ ಹೊರಡುವುದಿತ್ತು. ಕೈಯಲ್ಲಿದ್ದದ್ದು ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲ ಮಾತ್ರ. ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿದೆ. ಆಕೆ ಕಂಪ್ಯೂಟರ್ ನೋಡಿ, “ಸೀಟೇನೋ ಬೇಕಾದಷ್ಟಿದೆ ಸರ್, ಆದರೆ ಚೇಂಜ್ ಫೀ ಕಟ್ಟಬೇಕು, ಅದರ ಮೇಲೆ ಇವತ್ತಿನ ರೇಟಿನ ಡಿಫರೆನ್ಸ್ ಕೊಡಬೇಕು” ಎಂದಳು. ಎರಡನ್ನೂ ಕೂಡಿಸಿದರೆ ನಾನು ಮೂಲ ಟಿಕೆಟ್ಟಿಗೆ ಕೊಟ್ಟಿದ್ದಕ್ಕಿಂತ ಹೆಚ್ಚಾಗುತ್ತಿತ್ತು. ಬೇಡವೆಂದು ಹೇಳಿ ಒಳಗೆ ಹೋಗಿ ಕುಳಿತೆ. ನಾಲ್ಕೂಕಾಲರ ವಿಮಾನ ತನ್ನ ಖಾಲಿ ಸೀಟುಗಳನ್ನು ಹೊತ್ತುಕೊಂಡು ನನ್ನ ಕಣ್ಣೆದುರೇ ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

ಹಣ ಕೇಳಿದರೆಂದು ನನಗೆ ಸಿಟ್ಟಿಲ್ಲ. ನನ್ನ ತಕರಾರು ಆ ಸೀಟಿನ ಲೆಕ್ಕದ ಕುರಿತದ್ದು. ವಿಮಾನದ ಬಾಗಿಲು ಮುಚ್ಚಿದ ಕ್ಷಣದಿಂದ ಖಾಲಿ ಸೀಟಿಗೆ ಮೂರು ಕಾಸಿನ ಬೆಲೆಯೂ ಇರುವುದಿಲ್ಲ. ನನ್ನನ್ನು ಅದರಲ್ಲಿ ಕೂರಿಸಿದ್ದರೆ ಆರೂವರೆಯ ವಿಮಾನದಲ್ಲಿ ನನ್ನ ಸೀಟು ಬಿಡುವಾಗುತ್ತಿತ್ತು, ಅದನ್ನು ಮಾರಲು ಅವರಿಗೆ ಇನ್ನೂ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹಾಳಾಗುತ್ತಿರುವ ಸರಕನ್ನು ಕೊಟ್ಟು, ಇನ್ನೂ ಮಾರಬಹುದಾದ ಸರಕನ್ನು ವಾಪಸು ಪಡೆಯುವ ಇಂಥ ವ್ಯಾಪಾರವನ್ನು ಕೆ.ಆರ್. ಮಾರುಕಟ್ಟೆಯಲ್ಲಿ ಸಂಜೆಯ ಹೊತ್ತು ಸೊಪ್ಪು ಮಾರುವವರು ಯಾರೂ ಬೇಡವೆನ್ನುವುದಿಲ್ಲ.

ನಾನು ನ್ಯೂಜೆರ್ಸಿಗೆ ಬಂದು ಹನ್ನೆರಡು ವರ್ಷವಾಯಿತು. ಕೆಲಸದ ಮೇಲೆ ತಿಂಗಳಿಗೊಮ್ಮೆಯಾದರೂ ಷಿಕಾಗೋಗೆ ಹೋಗಿ ಬರುತ್ತೇನೆ. ಓಹೇರ್ ವಿಮಾನ ನಿಲ್ದಾಣದಿಂದ ನ್ಯೂವಾರ್ಕ್‌ಗೆ ಸಂಜೆಯ ಹೊತ್ತಿನಲ್ಲಿ ಒಂದರ ಹಿಂದೊಂದು ವಿಮಾನವಿರುತ್ತದೆ. ಮೀಟಿಂಗ್ ಬೇಗ ಮುಗಿದರೆ ಟ್ಯಾಕ್ಸಿಯಲ್ಲಿ ಕುಳಿತೇ ಫೋನಿನ ಆ್ಯಪಿನಲ್ಲಿ, ನನ್ನದಕ್ಕಿಂತ ಮೊದಲು ಹೊರಡುವ ವಿಮಾನದ ಸ್ಟ್ಯಾಂಡ್‌ಬೈ ಪಟ್ಟಿಗೆ, ಅಂದರೆ ಸೀಟು ಉಳಿದರೆ ಹತ್ತಿಸಿಕೊಳ್ಳುವವರ ಪಟ್ಟಿಗೆ, ಹೆಸರು ಸೇರಿಸುತ್ತೇನೆ. ಅದಕ್ಕೆ ಹಣವಿಲ್ಲ. ವೇಟಿಂಗ್ ಲಿಸ್ಟ್ ಎಂದರೇನೆಂದು ರೈಲಿನಲ್ಲಿ ಓಡಾಡಿದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಚಾರ್ಟ್ ಸಿದ್ಧವಾಗುವವರೆಗೆ ಪಿಎನ್‌ಆರ್ ಒತ್ತಿ ಒತ್ತಿ ನೋಡುವ ಆ ಸಂಕಟ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೆ ರೈಲಿನ ವೇಟಿಂಗ್ ಲಿಸ್ಟಿನವನಿಗೆ ಬೇರೆ ಗತಿಯಿರುವುದಿಲ್ಲ, ಸ್ಟ್ಯಾಂಡ್‌ಬೈನವನ ಕೈಯಲ್ಲಿ ಮುಂದಿನ ವಿಮಾನದ ಖಚಿತ ಸೀಟು ಇದ್ದೇ ಇರುತ್ತದೆ. ಎರಡು ದೋಣಿಯ ಮೇಲೆ ಕಾಲಿಟ್ಟೂ ನೀರಿಗೆ ಬೀಳದ ಸ್ಥಿತಿ ನಾನು ಕಂಡಂತೆ ಇದೊಂದೇ.

ಗೇಟಿನ ಪರದೆಯ ಮೇಲೆ ಪಟ್ಟಿ ಮೂಡುತ್ತದೆ. ಪೂರ್ತಿ ಹೆಸರು ಹಾಕುವುದಿಲ್ಲ. ಕೊನೆಯ ಹೆಸರಿನ ಮೊದಲ ಮೂರು ಅಕ್ಷರ, ಜೊತೆಗೆ ಸ್ವಂತ ಹೆಸರಿನ ಒಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ತಾತನ ಊರಾದ ಹೊಸಹಳ್ಳಿ ಕುಳಿತಿರುವುದರಿಂದ, ನಾನು ಅಲ್ಲಿ ‘ಎಚ್-ಓ-ಎಸ್’. ಎಂದೂ ಅಮೆರಿಕ ಕಾಣದ ಆ ತಾತನ ಹಳ್ಳಿ ಷಿಕಾಗೋದ ಪರದೆಯ ಮೇಲೆ ನಾಲ್ಕನೆಯದೋ ಏಳನೆಯದೋ ಆಗಿ ಸರದಿಯಲ್ಲಿ ನಿಲ್ಲುವುದನ್ನು ನೋಡುವಾಗ ಒಳಗೊಳಗೇ ನಗು ಬರುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ಸರಳ ನ್ಯಾಯವೂ ಅಲ್ಲಿಲ್ಲ. ವರ್ಷವಿಡೀ ಅದೇ ಸಂಸ್ಥೆಯಲ್ಲಿ ಹಾರಾಡಿ ಚಿನ್ನ, ಪ್ಲಾಟಿನಂ ಎಂಬ ದರ್ಜೆ ಗಳಿಸಿದವರು ತಡವಾಗಿ ಬಂದರೂ ಮೇಲಕ್ಕೆ ಏರುತ್ತಾರೆ, ಮಿಕ್ಕವರು ಕೆಳಕ್ಕೆ ಜಾರುತ್ತಾರೆ. ಪಟ್ಟಿಯ ತೀರ ಕೆಳಗೆ ಇರುವವರು ಉಚಿತ ಪಾಸಿನ ಮೇಲೆ ಓಡಾಡುವ ವಿಮಾನ ಸಂಸ್ಥೆಯ ನೌಕರರೇ. ಒಮ್ಮೆ ನನಗೆ ಕೊನೆಯ ಸೀಟು ಸಿಕ್ಕಿದಾಗ ಸಮವಸ್ತ್ರದಲ್ಲಿದ್ದ ಗಗನಸಖಿಯೊಬ್ಬರು ಪರದೆಯನ್ನು ಇನ್ನೊಮ್ಮೆ ನೋಡಿ, ಊಟದ ಚೀಲವನ್ನು ಸೂಟ್‌ಕೇಸಿನ ಹಿಡಿಕೆಗೆ ಸಿಕ್ಕಿಸಿ, ಸುಮ್ಮನೆ ಬೇರೆ ಗೇಟಿನ ಕಡೆ ನಡೆದರು. ಅವರು ಮನೆಗೆ ಹೊರಟವರೆಂದು ಕಾಣುತ್ತದೆ. ನಿಯಮದ ಪ್ರಕಾರ ನಡೆದದ್ದರಲ್ಲಿ ತಪ್ಪಿರಲಿಲ್ಲ, ಆದರೂ ಸೀಟಿನಲ್ಲಿ ಕುಳಿತ ಮೇಲೆ ಸ್ವಲ್ಪ ಹೊತ್ತು ಮನಸ್ಸು ಸರಿಯಿರಲಿಲ್ಲ.

ನಿರ್ಧಾರವಾಗುವುದು ಕೊನೆಯ ಗಳಿಗೆಯಲ್ಲಿ. ಹೊರಡುವುದಕ್ಕೆ ಸುಮಾರು 15 ನಿಮಿಷ ಮೊದಲು ಬಾಗಿಲು ಮುಚ್ಚುತ್ತಾರೆ, ಅಷ್ಟರೊಳಗೆ ಬಾರದವರ ಸೀಟುಗಳನ್ನು ಪಟ್ಟಿಯಲ್ಲಿರುವವರಿಗೆ ಹಂಚುತ್ತಾರೆ. ಆ ಹೊತ್ತಿನಲ್ಲಿ ಕದಲಬಾರದು. ಒಮ್ಮೆ ಕಾಫಿಗೆಂದು ನಾಲ್ಕು ಹೆಜ್ಜೆ ಆಚೆ ಹೋದ ನಾನು ಹಿಂದಿರುಗುವಷ್ಟರಲ್ಲಿ ಗೇಟಿನವರು ‘ಹೊಸಹಳ್ಳಿ’ಯನ್ನು ತಮಗೆ ತೋಚಿದಂತೆ ಎರಡು ಬಾರಿ ಕೂಗಿ ಮುಂದಿನವರನ್ನು ಒಳಗೆ ಕಳುಹಿಸಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಾಫಿಯೂ ಚೆನ್ನಾಗಿರಲಿಲ್ಲ.

ಸ್ಟ್ಯಾಂಡ್‌ಬೈ ಎಂಬುದು ಮೊದಲಿನಿಂದ ಹೀಗೇ ಇರಲಿಲ್ಲ. 1966ರಲ್ಲಿ ಅಮೆರಿಕನ್ ಏರ್‌ಲೈನ್ಸ್ 22 ವರ್ಷದೊಳಗಿನವರಿಗೆ ಅರ್ಧ ದರದ ಟಿಕೆಟ್ ಕೊಟ್ಟಾಗ, ಸೀಟು ಉಳಿದರೆ ಮಾತ್ರ ಹತ್ತಬಹುದೆಂಬ ಷರತ್ತಿತ್ತು. 1977ರಲ್ಲಿ ಬ್ರಿಟನ್ನಿನ ಉದ್ಯಮಿ ಫ್ರೆಡ್ಡಿ ಲೇಕರ್ ಅವರ ಸ್ಕೈಟ್ರೇನ್ ಎಂಬ ವಿಮಾನ ಸೇವೆ, ಮುಂಗಡ ಬುಕಿಂಗ್ ಇಲ್ಲದೆ 59 ಪೌಂಡಿಗೆ ಲಂಡನ್ನಿನಿಂದ ನ್ಯೂಯಾರ್ಕಿಗೆ ಕರೆದೊಯ್ಯತೊಡಗಿದಾಗ ಜನ ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಂತರು, ದೊಡ್ಡ ಸಂಸ್ಥೆಗಳೂ ಅಗ್ಗದ ಸ್ಟ್ಯಾಂಡ್‌ಬೈ ದರಗಳನ್ನು ಹೊರತರಬೇಕಾಯಿತು. ಅಂದು ಅದು ಕಾಸಿಲ್ಲದವರ, ಆದರೆ ಹೊತ್ತು ಇದ್ದವರ ಟಿಕೆಟ್. ಕಾಲ ಕಳೆದಂತೆ ಅದೇ ಹೆಸರು, ಬೇಗ ಮನೆ ಸೇರಬೇಕೆನ್ನುವವರ ಪಾಲಾಯಿತು. ಅದಕ್ಕೂ ದರ ಬಿತ್ತು; ಅದೇ ದಿನದ ಬೇರೆ ವಿಮಾನಕ್ಕೆ ಬದಲಾಯಿಸಿಕೊಳ್ಳಲು 75 ಡಾಲರ್, ಬೇರೆ ದಿನಕ್ಕಾದರೆ 200 ಡಾಲರ್ ಕೀಳುತ್ತಿದ್ದ ಕಾಲವನ್ನು ನಾನೇ ನೋಡಿದ್ದೇನೆ. ಕೋವಿಡ್ ಬಂದು ವಿಮಾನಗಳು ಬಿಕೋ ಎನ್ನತೊಡಗಿದಾಗ ಈ ಸಂಸ್ಥೆಗಳಿಗೆ ಬುದ್ಧಿ ಬಂತು. 2020ರ ಅಕ್ಟೋಬರಿನಿಂದ ಅಮೆರಿಕನ್, 2021ರ ಜನವರಿಯಿಂದ ಯುನೈಟೆಡ್, ಅದೇ ದಿನದ ವಿಮಾನಕ್ಕೆ ಸ್ಟ್ಯಾಂಡ್‌ಬೈಯನ್ನು ಉಚಿತ ಮಾಡಿದವು.

ಹೀಗೆ ಉಚಿತವಾಗಿ ಕೊಟ್ಟರೆ ಎಲ್ಲರೂ ರಾತ್ರಿಯ ಅಗ್ಗದ ಟಿಕೆಟ್ ಕೊಂಡು ಸಂಜೆಯ ದುಬಾರಿ ವಿಮಾನ ಹತ್ತುತ್ತಾರೆ ಎಂಬ ಆಕ್ಷೇಪ ನನಗೂ ಗೊತ್ತಿದೆ. ನಾನೇ ಹಾಗೆ ಮಾಡಲು ಹೋಗಿ ಪಾಠ ಕಲಿತವನು. ಶುಕ್ರವಾರ ಸಂಜೆಯ ವಿಮಾನಕ್ಕೆ ಪಟ್ಟಿಯಲ್ಲಿ ಹತ್ತೊಂಬತ್ತನೆಯವನಾಗಿ ನಿಂತು, ಕೊನೆಗೆ ರಾತ್ರಿಯ ವಿಮಾನದಲ್ಲೇ ಹೋದೆ, ಅಂದು ಮಗಳ ಶಾಲೆಯ ಕಾರ್ಯಕ್ರಮಕ್ಕೆ ಮುಟ್ಟಲಾಗಲಿಲ್ಲ. ಸಂಜೆ ಇಂಥ ಹೊತ್ತಿಗೆ ಮನೆಯಲ್ಲಿರಲೇಬೇಕು ಎನ್ನುವವನು ಈ ಪಟ್ಟಿಯನ್ನು ನಂಬಿ ಕೂರುವುದಿಲ್ಲ, ದುಡ್ಡು ಕೊಟ್ಟು ಖಚಿತ ಸೀಟನ್ನೇ ತೆಗೆದುಕೊಳ್ಳುತ್ತಾನೆ. ಸಿಗುವುದೋ ಇಲ್ಲವೋ ಎಂಬ ಅನುಮಾನವೇ ಇಲ್ಲಿ ಬೇಲಿಯ ಕೆಲಸ ಮಾಡುತ್ತದೆ, ಅದಕ್ಕೆ ಶುಲ್ಕದ ಬೇರೆ ಬೇಲಿ ಬೇಕಿಲ್ಲ.

ನಮ್ಮಲ್ಲಿ ನಿಜವಾದ ತೊಡಕು ಎಂದರೆ ಲಗೇಜು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಸ್ಫೋಟಗೊಂಡು 329 ಜನ ಸತ್ತದ್ದು, ವ್ಯಾಂಕೂವರ್‌ನಲ್ಲಿ ಚೆಕ್-ಇನ್ ಮಾಡಿಸಿ ತಾನು ಮಾತ್ರ ವಿಮಾನ ಹತ್ತದೆ ಉಳಿದವನೊಬ್ಬನ ಸೂಟ್‌ಕೇಸಿನಿಂದ. ಪ್ರಯಾಣಿಕ ಹತ್ತದಿದ್ದರೆ ಅವನ ಲಗೇಜನ್ನು ಕೆಳಗಿಳಿಸುವ ನಿಯಮವನ್ನು ನಮ್ಮಲ್ಲಿ ಸಡಿಲಿಸಬೇಕೆಂದು ನಾನು ಎಂದೂ ಹೇಳುವುದಿಲ್ಲ. ಅಮೆರಿಕದ ಒಳನಾಡಿನ ಹಾರಾಟದಲ್ಲಿ ಪೆಟ್ಟಿಗೆಗಳನ್ನೆಲ್ಲ ಯಂತ್ರದಲ್ಲಿ ತಪಾಸಣೆ ಮಾಡಿ, ಒಡೆಯನಿಲ್ಲದೆಯೂ ಬೇರೆ ವಿಮಾನದಲ್ಲಿ ಕಳುಹಿಸುತ್ತಾರೆ, ಅಲ್ಲಿನದು ಅಲ್ಲಿಗಿರಲಿ. ಕೈಚೀಲ ಮಾತ್ರ ಇರುವವರಿಗೆ ಸ್ಟ್ಯಾಂಡ್‌ಬೈ ಕೊಡಲು ಈ ತೊಡಕೂ ಅಡ್ಡ ಬರುವುದಿಲ್ಲ. ಬೆಂಗಳೂರು–ದೆಹಲಿ, ಬೆಂಗಳೂರು–ಮುಂಬೈ ಮಾರ್ಗಗಳಲ್ಲಿ ಅಂಥ ಪ್ರಯಾಣಿಕರು ಬೆಳಗೂ ಸಂಜೆಯೂ ಕಾಣುತ್ತಾರೆ, ವಿಮಾನಗಳಿಗೂ ಬರವಿಲ್ಲ. ಕೌಂಟರ್ ಮುಚ್ಚುವುದು ಒಂದು ಗಂಟೆ ಮೊದಲು, ಗೇಟು ಮುಚ್ಚುವುದು ಸುಮಾರು 25 ನಿಮಿಷ ಮೊದಲು. ನಡುವಿನ ಆ ಅರ್ಧ ಗಂಟೆಯಲ್ಲಿ ಎಷ್ಟು ಸೀಟು ಉಳಿಯುತ್ತದೆ ಎಂಬುದು ಸಂಸ್ಥೆಗೆ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಅದರಲ್ಲೂ ನಗರದ ನಡುವಿನಿಂದ ಸುಮಾರು 35 ಕಿಲೋಮೀಟರ್ ದೂರದ ನಿಲ್ದಾಣಕ್ಕೆ ಟ್ರಾಫಿಕ್ಕಿಗೆ ಹೆದರಿ ನಾಲ್ಕೈದು ಗಂಟೆ ಮೊದಲೇ ಮನೆ ಬಿಡುವ ಬೆಂಗಳೂರಿಗರಿಗಿಂತ ಇದಕ್ಕೆ ಹೆಚ್ಚು ಅರ್ಹರು ಯಾರಿದ್ದಾರೆ? ಆ ಭಾನುವಾರ ಗೇಟಿನ ಬಳಿ ನನ್ನ ಹಾಗೆಯೇ ಹೆಬ್ಬಾಳದಲ್ಲಿ ಹೊತ್ತು ಉಳಿಸಿ ಬಂದು, ಚಪ್ಪಲಿ ಬಿಟ್ಟು ಕಾಲು ಮಡಚಿ ಕುಳಿತವರು ಹತ್ತಾರು ಮಂದಿಯಿದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಾಲ್ಕೂಕಾಲರ ವಿಮಾನದ ಕಡೆ ಕೈ ತೋರಿಸಿ, “ಅದೂ ದೆಹಲಿಗೇನಾ?” ಎಂದು ಕೇಳಿದರು. ಹೌದು ಸಾರ್ ಎಂದೆ. “ಮತ್ತೆ ನಾವ್ಯಾಕೆ ಇಲ್ಲಿದ್ದೀವಿ?” ಎಂದರು.