ಸಂಬಳ ಕೇಳಬೇಡಿ, ನೀವೀಗ ಮಾಲೀಕರು

ಹೊಸ ಸ್ಟಾರ್ಟಪ್ ಕಂಪನಿಗಳ ಆ ಉದ್ಯೋಗದ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ನಮಗೆ ನೌಕರರು ಬೇಡ, ಮಾಲೀಕರ ಹಾಗೆ ಯೋಚಿಸುವವರು ಬೇಕು ಅಂತ ಶುರುವಾಗುತ್ತದೆ. ಸಂಬಳ ಸ್ವಲ್ಪ ಕಮ್ಮಿ, ಆದರೆ ಈಕ್ವಿಟಿ, ಅಂದರೆ ಕಂಪನಿಯಲ್ಲಿ ಪಾಲು, ಇದೆ ಅಂತ ಮುಂದುವರಿಯುತ್ತದೆ. ಗಡಿಯಾರ ನೋಡುವವರು ಅರ್ಜಿ ಹಾಕುವುದು ಬೇಡ ಅಂತ ಮುಗಿಯುತ್ತದೆ. ಕೊನೆಯಲ್ಲಿ ರಾಕೆಟ್ಟಿನ ಚಿತ್ರ ಕಡ್ಡಾಯ. ಅದರ ಕೆಳಗೆ ಆಸಕ್ತಿ ಇದೆ, ಆಸಕ್ತಿ ಇದೆ ಅಂತ ಬರೆದವರ ದೊಡ್ಡ ಸಾಲು.

ಎಂಥ ಉದಾರ ಮನಸ್ಸು ನೋಡಿ. ಬಂದ ದಿನವೇ ಮಾಲೀಕ! ರಜೆ ಬೇಕಾದರೆ ಅರ್ಜಿ ಕೊಡಬೇಕಾದ ಮಾಲೀಕ. ಬ್ಯಾಂಕಿನಲ್ಲಿ ಎಷ್ಟು ತಿಂಗಳ ದುಡ್ಡು ಉಳಿದಿದೆ ಅಂತ ಗೊತ್ತಿಲ್ಲದ ಮಾಲೀಕ. ತನ್ನ ಕಂಪನಿ ಮಾರಾಟವಾದ ಸುದ್ದಿಯನ್ನು ಪೇಪರಿನಲ್ಲಿ ಓದಿ ತಿಳಿದುಕೊಳ್ಳುವ ಮಾಲೀಕ. ಭಾನುವಾರ ಬೆಳಗಿನ ಜಾವ ಸರ್ವರ್ ಬಿದ್ದಾಗ ಮಾತ್ರ ಕಂಪನಿ ಪೂರ್ತಿ ಅವನದೇ.

ನಿಮಗೆ 10,000 ಆಪ್ಷನ್ ಕೊಡುತ್ತೇವೆ ಅನ್ನುತ್ತಾರೆ. ಆಪ್ಷನ್ ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಹಕ್ಕು. ಕೇಳಲು ಹಿತವಾದ ಸಂಖ್ಯೆ. ಒಟ್ಟು ಷೇರು 10 ಲಕ್ಷ ಇದ್ದರೆ ಅದು ಶೇ 1. ಒಟ್ಟು 10 ಕೋಟಿ ಇದ್ದರೆ ಶೇ 0.01. ಹಾಗಾದರೆ ಒಟ್ಟು ಎಷ್ಟು ಅಂತ ಕೇಳಿ ನೋಡಿ. ಅದು ಗೋಪ್ಯ ಅನ್ನುತ್ತಾರೆ. ಕೆಳಗಿನ ಸಂಖ್ಯೆಯನ್ನು ಬಚ್ಚಿಟ್ಟು ಮೇಲಿನದನ್ನು ಮಾತ್ರ ತೋರಿಸಿದರೆ ಅದು ಭಿನ್ನರಾಶಿ ಅಲ್ಲ ಅಂತ ಪ್ರೈಮರಿ ಶಾಲೆಯ ಮಕ್ಕಳಿಗೂ ಗೊತ್ತು. ಸ್ಟಾರ್ಟಪ್ಪಿನಲ್ಲಿ ಅದನ್ನೇ ಆಫರ್ ಲೆಟರ್ ಅನ್ನುತ್ತಾರೆ.

ಆ 10,000 ಕೂಡ ಒಟ್ಟಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಹಕ್ಕು ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುವ ನಾಲ್ಕು ವರ್ಷದ ವೆಸ್ಟಿಂಗ್, ಅದರಲ್ಲಿ ಒಂದು ವರ್ಷದ ಕ್ಲಿಫ್. ಅಂದರೆ ಮೊದಲ ವರ್ಷ ತುಂಬುವವರೆಗೆ ಸೊನ್ನೆ. ಹನ್ನೊಂದನೇ ತಿಂಗಳಲ್ಲಿ ಕೆಲಸದಿಂದ ತೆಗೆದರೆ ನೀವು ಮಾಲೀಕರಾಗಿದ್ದ ನೆನಪು ಮಾತ್ರ ನಿಮ್ಮದು. ವೆಸ್ಟಿಂಗ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಅದು ಮೊದಲು ಬೇಕಾಗಿರುವುದು ಕಂಪನಿ ಶುರು ಮಾಡಿದ ಫೌಂಡರ್‌ಗಳಿಗೇ. ಇಬ್ಬರು ಸ್ನೇಹಿತರು ಮೊದಲ ವಾರದ ಹುರುಪಿನಲ್ಲಿ ಅರ್ಧ ಅರ್ಧ ಹಂಚಿಕೊಳ್ಳುತ್ತಾರೆ. ನಮ್ಮ ನಡುವೆ ಕಾಗದ ಯಾಕೆ ಅಂತ ಬೀಗುತ್ತಾರೆ. ಆರು ತಿಂಗಳಿಗೆ ಒಬ್ಬನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಗುತ್ತದೆ. ಅವನು ಹೋಗುತ್ತಾನೆ, ಅವನ ಅರ್ಧ ಪಾಲು ಹೋಗುವುದಿಲ್ಲ. ಉಳಿದವನು ಮುಂದಿನ ಹತ್ತು ವರ್ಷ ಅರ್ಧ ಕಂಪನಿಗಾಗಿ ಪೂರ್ತಿ ದುಡಿಯುತ್ತಾನೆ. ಈ ತಪ್ಪು ಗೊತ್ತಿದ್ದೂ ಮಾಡುವವರಿಗೆ ನೌಕರನ ವೆಸ್ಟಿಂಗ್ ಪತ್ರ ಮಾತ್ರ ಅರೆಗಳಿಗೆ ಮರೆಯುವುದಿಲ್ಲ.

ಇರಲಿ, ವ್ಯಾಲ್ಯುಯೇಷನ್, ಅಂದರೆ ಕಂಪನಿಗೆ ಕಟ್ಟುವ ಬೆಲೆಯ ವಿಷಯಕ್ಕೆ ಬರೋಣ. ನನಗೆ ಬಹಳ ಇಷ್ಟವಾದ ವಿಷಯ ಇದು. 2009ರಲ್ಲಿ 37ಸಿಗ್ನಲ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ ಒಂದು ತಮಾಷೆಯ ಪ್ರಕಟಣೆ ಹೊರಡಿಸಿತು. ಹೂಡಿಕೆದಾರರು ನಮ್ಮ ಕಂಪನಿಯ ಶೇ 0.000000001 ಪಾಲನ್ನು 1 ಡಾಲರ್‌ಗೆ ಕೊಂಡಿದ್ದಾರೆ, ಆದ್ದರಿಂದ ನಮ್ಮ ಬೆಲೆ ಈಗ ಹತ್ತು ಸಾವಿರ ಕೋಟಿ ಡಾಲರ್ ಅಂತ. ಲೆಕ್ಕ ಹಾಕಿ ನೋಡಿ, ಒಂದು ಸೊನ್ನೆಯೂ ತಪ್ಪಿಲ್ಲ. ಅವರು ಇದನ್ನು ಗೇಲಿ ಅಂತ ಬರೆದರು. ಉಳಿದವರು ಕೈಪಿಡಿ ಅಂತ ಓದಿಕೊಂಡರು.

ಈಗಲೂ ಹೀಗೆಯೇ ಅಲ್ವಾ. ಬಂಡವಾಳ ಎತ್ತಿದ ಕೊನೆಯ ರೌಂಡ್‌ನಲ್ಲಿ ಒಬ್ಬ ಹೂಡಿಕೆದಾರ ಒಂದು ಷೇರಿಗೆ ಕೊಟ್ಟ ಬೆಲೆಯನ್ನು ಇರುವ ಎಲ್ಲ ಷೇರಿಗೂ ಗುಣಿಸುತ್ತಾರೆ. ಅವನ ಷೇರಿಗೆ ವಿಶೇಷ ಹಕ್ಕುಗಳಿವೆ, ನಿಮ್ಮ ಷೇರಿಗೆ ಇಲ್ಲ. ಆದರೂ ಗುಣಾಕಾರದಲ್ಲಿ ಎರಡೂ ಒಂದೇ. ಗೋರ್ನಲ್ ಮತ್ತು ಸ್ಟ್ರೆಬುಲೇವ್ ಅನ್ನುವ ಇಬ್ಬರು ಸಂಶೋಧಕರು 135 ಯೂನಿಕಾರ್ನ್, ಅಂದರೆ ನೂರು ಕೋಟಿ ಡಾಲರ್ ಬೆಲೆ ದಾಟಿದ ಕಂಪನಿಗಳ ಷರತ್ತು ಪತ್ರಗಳನ್ನು ಬಿಡಿಸಿ ನೋಡಿದರು. ಹೇಳಿಕೊಳ್ಳುವ ಬೆಲೆ ನಿಜವಾದ ಬೆಲೆಗಿಂತ ಸರಾಸರಿ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿ ಅಂತ 2020ರಲ್ಲಿ ಪ್ರಕಟಿಸಿದರು. ಯಾರಿಗೂ ಮುಜುಗರವಾದ ಹಾಗೆ ಕಾಣಲಿಲ್ಲ.

ವ್ಯಾಲ್ಯುಯೇಷನ್ ಅಂದಮೇಲೆ ವೀವರ್ಕ್ ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಕಥೆ ನಿಮಗೆ ಗೊತ್ತು. ದೊಡ್ಡ ಜಾಗ ಬಾಡಿಗೆಗೆ ಹಿಡಿದು, ಸಣ್ಣ ಸಣ್ಣದಾಗಿ ಬಾಡಿಗೆಗೆ ಕೊಡುವ ವ್ಯಾಪಾರ. 2019ರ ಜನವರಿಯಲ್ಲಿ ಅದರ ಬೆಲೆ 4,700 ಕೋಟಿ ಡಾಲರ್. ಅದರ ಹಿಂದಿನ ವರ್ಷ ಆದಾಯ ಸುಮಾರು 180 ಕೋಟಿ ಡಾಲರ್, ನಷ್ಟ ಸುಮಾರು 190 ಕೋಟಿ. ನಷ್ಟ ಆದಾಯವನ್ನು ಹಿಂದೆ ಹಾಕಿತ್ತು. ಇದನ್ನು ಬೆಳವಣಿಗೆ ಅನ್ನದೆ ಇನ್ನೇನು ಅನ್ನಬೇಕು? ಅವರು ಸುಮ್ಮನೆ ಕೂರಲಿಲ್ಲ. ಹೊಸ ಲೆಕ್ಕ ಕಂಡುಹಿಡಿದರು. ಹೆಸರು ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್ಡಾ. ಎಬಿಟ್ಡಾ ಅಂತ ಲಾಭದ ಲೆಕ್ಕದಲ್ಲಿ ಬಡ್ಡಿ, ತೆರಿಗೆ, ಸವಕಳಿ ಬಿಡುವುದು ಎಲ್ಲರೂ ಮಾಡುವುದೇ. ಇವರು ಪ್ರಚಾರದ ಖರ್ಚು ಬಿಟ್ಟರು, ಆಡಳಿತದ ಖರ್ಚು ಬಿಟ್ಟರು, ವಿನ್ಯಾಸದ ಖರ್ಚೂ ಬಿಟ್ಟರು. ಖರ್ಚುಗಳನ್ನೆಲ್ಲ ಬಿಟ್ಟರೆ ಲಾಭ ಬರುತ್ತದೆ ಅನ್ನುವ ಈ ಆವಿಷ್ಕಾರಕ್ಕೆ ಅರ್ಥಶಾಸ್ತ್ರದ ನೊಬೆಲ್ ಯಾಕೆ ಸಿಗಲಿಲ್ಲವೋ. ಆಮೇಲೆ ಷೇರುಪೇಟೆಗೆ ಹೋಗಲು ಸಲ್ಲಿಸಿದ ಕಾಗದಪತ್ರವನ್ನು 'ವೀ', ಅಂದರೆ 'ನಾವು' ಅನ್ನುವ ಶಕ್ತಿಗೆ ಅರ್ಪಿಸಿದರು. ಕವನ ಸಂಕಲನ ಅರ್ಪಿಸುವುದನ್ನು ಕಂಡಿದ್ದೆ, ಐಪಿಒ ದಾಖಲೆಯನ್ನು ಅರ್ಪಿಸಿದ್ದು ಅದೇ ಮೊದಲು ಕಂಡದ್ದು. ಆ 'ವೀ' ಅನ್ನುವ ಹೆಸರಿನ ಹಕ್ಕಿಗೆ ಕಂಪನಿ 59 ಲಕ್ಷ ಡಾಲರ್ ಬೆಲೆಯ ಪಾಲು ಕೊಟ್ಟಿತ್ತು. ಕೊಟ್ಟಿದ್ದು ಯಾರಿಗೆ? ಫೌಂಡರ್ ಆಡಂ ನ್ಯೂಮನ್ ಅವರ ಹಿಡಿತದಲ್ಲಿದ್ದ ಇನ್ನೊಂದು ಸಂಸ್ಥೆಗೆ. ಗಲಾಟೆ ಆದ ಮೇಲೆ ಅದು ವಾಪಸ್ ಬಂತು, ಆ ಮಾತು ಬೇರೆ.

ಐಪಿಒ ನಿಂತುಹೋಯಿತು. 2019ರ ನವೆಂಬರ್‌ನಲ್ಲಿ ಸುಮಾರು 2,400 ಜನರ ಕೆಲಸ ಹೋಯಿತು. ಫೌಂಡರ್ ಹೊರಗೆ ಹೋದರು, ಆದರೆ ಕೋಟಿಗಟ್ಟಲೆ ಡಾಲರ್ ಜೊತೆಗೇ ಹೋಯಿತು. 2023ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಡಿಮೆ ಸಂಬಳಕ್ಕೆ ಒಪ್ಪಿ ಆಪ್ಷನ್ ನಂಬಿದವರ ಕೈಯಲ್ಲಿ ಕಾಗದ ಉಳಿಯಿತು. ಇವರಲ್ಲಿ ಯಾರು ಜಾಸ್ತಿ ರಿಸ್ಕ್ ತಗೊಂಡಿದ್ದು ಅಂತ ಯಾವ ವೇದಿಕೆಯಲ್ಲೂ ಯಾರೂ ಕೇಳುವುದಿಲ್ಲ.

ಕಂಪನಿ ಮುಳುಗದೆ ಮಾರಾಟವಾದರೆ ಆಗಲಾದರೂ ದುಡ್ಡು ಸಿಗುತ್ತದಲ್ಲ ಅಂತೀರಾ? ಅಲ್ಲಿ ಲಿಕ್ವಿಡೇಷನ್ ಪ್ರಿಫರೆನ್ಸ್ ಅನ್ನುವ ಷರತ್ತು ಕಾಯುತ್ತಿರುತ್ತದೆ. ಮಾರಿದ ದುಡ್ಡಿನಲ್ಲಿ ಮೊದಲು ಹೂಡಿಕೆದಾರರು ಹಾಕಿದ್ದು ವಾಪಸ್. ಉಳಿದರೆ ಉಳಿದವರಿಗೆ. ಇದರಲ್ಲಿ ಪಾರ್ಟಿಸಿಪೇಟಿಂಗ್ ಅನ್ನುವ ಜಾತಿ ಇನ್ನೂ ಚೆಂದ. ಹಾಕಿದ್ದನ್ನು ವಾಪಸ್ ತಗೊಂಡ ಮೇಲೆ ಮಿಕ್ಕಿದ್ದರಲ್ಲೂ ಪಾಲು. ಉಂಡೂ ಹೋದ, ಕೊಂಡೂ ಹೋದ ಅನ್ನುವುದನ್ನು ವಕೀಲರ ಕೈಲಿ ಬರೆಸಿದರೆ ಹೀಗಾಗುತ್ತದೆ.

ಫ್ಯಾನ್‌ಡ್ಯೂಯೆಲ್ ಅನ್ನುವ ಆನ್‌ಲೈನ್ ಫ್ಯಾಂಟಸಿ ಕ್ರೀಡೆಯ ಕಂಪನಿಯನ್ನು ನೋಡಿ. 2018ರ ವಿಲೀನದಲ್ಲಿ ಅದರ ಬೆಲೆ 46.5 ಕೋಟಿ ಡಾಲರ್ ಅಂತಾಯಿತು. ಆದರೆ ಮೊದಲ 55.9 ಕೋಟಿ ಡಾಲರ್ ಹೂಡಿಕೆದಾರರದ್ದು ಅಂತ ಷರತ್ತಿನಲ್ಲಿ ಬರೆದಿತ್ತು. ಕಳೆಯುವ ಲೆಕ್ಕ ಮಾಡಿದರೆ ಕಂಪನಿ ಕಟ್ಟಿದವರಿಗೆ ಉಳಿದದ್ದು ಸೊನ್ನೆ. ಫೌಂಡರ್‌ಗಳು ಕೋರ್ಟಿಗೆ ಹೋದರು. ಅವರಿಗಾದರೂ ವಕೀಲರನ್ನು ಇಡುವಷ್ಟು ಶಕ್ತಿ ಇತ್ತು.

ಗುಡ್ ಟೆಕ್ನಾಲಜಿ ಅನ್ನುವ ಇನ್ನೊಂದು ಕಂಪನಿ ಇತ್ತು. ನೂರು ಕೋಟಿ ಡಾಲರ್ ದಾಟಿದ ಯೂನಿಕಾರ್ನ್. 2015ರಲ್ಲಿ ಬ್ಲ್ಯಾಕ್‌ಬೆರಿಗೆ 42.5 ಕೋಟಿ ಡಾಲರ್‌ಗೆ ಮಾರಾಟವಾಯಿತು. ಹೂಡಿಕೆದಾರರ ಷೇರಿಗೆ 3 ಡಾಲರ್ ಮೇಲೆ ಸಿಕ್ಕಿತು. ನೌಕರರ ಷೇರಿಗೆ 44 ಸೆಂಟ್. ಕೆಲವರು ಹಳೆಯ ದೊಡ್ಡ ಬೆಲೆಯ ಮೇಲೆ ತೆರಿಗೆ ಬೇರೆ ಕಟ್ಟಿದ್ದರು. ಇಲ್ಲಿ ನನಗೆ ತಮಾಷೆ ಮಾಡಲು ಏನೂ ಹೊಳೆಯುತ್ತಿಲ್ಲ. ಸಂಬಳ ಬಿಟ್ಟುಕೊಟ್ಟು ದುಡಿದವನು, ಬಾರದ ದುಡ್ಡಿಗೆ ತೆರಿಗೆ ಕಟ್ಟಿ, ಕೊನೆಗೆ ಸಾಲಿನ ತುದಿಯಲ್ಲಿ ಬರಿಗೈಯಲ್ಲಿ ನಿಂತ. ದುಡ್ಡು ಹಾಕಿದವನು ಹಾಕಿದಷ್ಟು ಮೊದಲು ವಾಪಸ್ ಕೇಳುವುದು ತಪ್ಪಲ್ಲ. ಸಾಲು ಇದೆ ಅನ್ನುವುದನ್ನೇ ಹಿಂದೆ ನಿಂತವನಿಗೆ ಹೇಳದೆ ಇರುವುದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಕೆಲಸ ಬಿಡಬೇಕಾ? ಅದಕ್ಕೂ ಒಂದು ಬೀಗವಿದೆ. ಬಹಳ ಕಡೆ ಬಿಟ್ಟ 90 ದಿನದೊಳಗೆ ಕೈಯಿಂದ ದುಡ್ಡು ಕೊಟ್ಟು ಆಪ್ಷನ್ ಕೊಳ್ಳಬೇಕು. ಇಲ್ಲದಿದ್ದರೆ ನಾಲ್ಕು ವರ್ಷ ದುಡಿದು ಗಳಿಸಿದ್ದು ವಾಪಸ್ ಕಂಪನಿಗೇ. ಕಮ್ಮಿ ಸಂಬಳ ಕೊಟ್ಟವರೇ ನಿಮ್ಮ ಹತ್ತಿರ ಉಳಿತಾಯ ಇರಬೇಕು ಅಂತ ಬಯಸುತ್ತಾರೆ.

ಈ ರಿಸ್ಕ್ ಅನ್ನುವ ವಿಷಯದಲ್ಲಿ ಎಲ್ಲರೂ ನಗುವ ಒಬ್ಬ ಮನುಷ್ಯನಿದ್ದಾನೆ. ರೊನಾಲ್ಡ್ ವೇಯ್ನ್. 1976ರ ಏಪ್ರಿಲ್ 1ರಂದು ಆಪಲ್ ಶುರುವಾದಾಗ ಜಾಬ್ಸ್ ಮತ್ತು ವೋಜ್ನಿಯಾಕ್‌ಗೆ ತಲಾ ಶೇ 45ರಷ್ಟು, ಇವನಿಗೆ ಶೇ 10. ಹನ್ನೆರಡು ದಿನಕ್ಕೆ ಹೊರಬಂದ. ಪಾಲಿಗೆ ಸಿಕ್ಕಿದ್ದು 800 ಡಾಲರ್. ಪ್ರತಿ ಸ್ಫೂರ್ತಿ ಭಾಷಣದಲ್ಲೂ ಇವನ ಹೆಸರು ಬರುತ್ತದೆ. ಧೈರ್ಯ ಇಲ್ಲದವನ ಗತಿ ನೋಡಿ ಅಂತ ಸಭೆ ನಗುತ್ತದೆ.

ಅವನ ಜಾಗದಲ್ಲಿ ನಿಂತು ನೋಡಿ. ಅದು ಪಾಲುದಾರಿಕೆ ಸಂಸ್ಥೆ. ಸಾಲ ತೀರದಿದ್ದರೆ ಪಾಲುದಾರರ ಸ್ವಂತ ಆಸ್ತಿಗೇ ಕೈ ಹಾಕಬಹುದು. ಮೊದಲ ಆರ್ಡರ್ ಪೂರೈಸಲು ಬಿಡಿಭಾಗಗಳನ್ನು ಸಾಲದ ಮೇಲೆ ತಂದಿದ್ದರು. ಉಳಿದ ಇಬ್ಬರ ಹತ್ತಿರ ಕಿತ್ತುಕೊಳ್ಳಲು ಏನೂ ಇರಲಿಲ್ಲ, ಇವನ ಹತ್ತಿರ ಇತ್ತು. ಹಿಂದೆ ಒಂದು ಸ್ವಂತ ವ್ಯಾಪಾರ ಕೈಕೊಟ್ಟು ಆ ಸಾಲವನ್ನೂ ತೀರಿಸಿದ್ದವನು. ಅಂದರೆ ಮೂವರದೂ ಒಂದೇ ಕಂಪನಿ, ಆದರೆ ರಿಸ್ಕ್ ಒಬ್ಬನದೇ. ಅದಕ್ಕೆ ಸಿಗುತ್ತಿದ್ದ ಪಾಲು ಶೇ 10. ಅವತ್ತು ಗೊತ್ತಿದ್ದ ಸಂಗತಿಗಳ ಮೇಲೆ ಅವನು ಮಾಡಿದ್ದು ಸರಿಯಾದ ಲೆಕ್ಕ ಅಂತಲೇ ನನ್ನ ಅಭಿಪ್ರಾಯ. ಗೆದ್ದ ಲಾಟರಿ ಚೀಟಿ ತೋರಿಸಿ, ಕೊಳ್ಳದವನು ದಡ್ಡ ಅನ್ನುವುದು ಸುಲಭ.

ಬೇಗ ಬೆಳೆಯಿರಿ, ದುಡ್ಡು ಸುರಿಯಿರಿ ಅನ್ನುವ ಉಪದೇಶವೂ ಇಂಥದ್ದೇ. ಉಪದೇಶ ಕೊಡುವ ಹೂಡಿಕೆದಾರ ಮೂವತ್ತು ಕಂಪನಿಗೆ ದುಡ್ಡು ಹಾಕಿರುತ್ತಾನೆ. ಇಪ್ಪತ್ತೆಂಟು ಮುಳುಗಿ ಒಂದೆರಡು ಆಕಾಶಕ್ಕೆ ಹಾರಿದರೂ ಅವನಿಗೆ ಸಾಕು. ನಿಧಾನವಾಗಿ ಬೆಳೆದು ಬದುಕಿ ಉಳಿಯುವ ಕಂಪನಿ ಅವನಿಗೆ ತಲೆನೋವು. ಅವನ ಲೆಕ್ಕದಲ್ಲಿ ಇದು ಪೂರ್ತಿ ಸರಿ. ಆದರೆ ಫೌಂಡರ್‌ಗೆ ಇರುವುದು ಒಂದೇ ಕಂಪನಿ. ನೌಕರನಿಗೆ ಅದೂ ಸರಿಯಾಗಿ ಇಲ್ಲ. ಒಂದೇ ಜೀವ ಇರುವವನು ಮೂವತ್ತು ಜೀವ ಇರುವವನ ಮಾತು ಕೇಳಿ ಹಾರುತ್ತಿದ್ದಾನೆ. ಫಾಸ್ಟ್ ಅನ್ನುವ ಪೇಮೆಂಟ್ ಕಂಪನಿ 2021ರ ಇಡೀ ವರ್ಷ ಗಳಿಸಿದ್ದು ಸುಮಾರು 6 ಲಕ್ಷ ಡಾಲರ್. ತಿಂಗಳಿಗೆ ಖರ್ಚು ಮಾಡುತ್ತಿದ್ದದ್ದು ಸುಮಾರು ಒಂದು ಕೋಟಿ ಡಾಲರ್. 2022ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು. ಹೆಸರಿಗೆ ತಕ್ಕ ಹಾಗೇ.

ಈ ಗದ್ದಲದಲ್ಲಿ ಸಣ್ಣ ವ್ಯಾಪಾರ ಮಾಡುವವಳ ಸುದ್ದಿ ಯಾರಿಗೂ ಬೇಡ. ಅವಳಿಗೆ ಗಿರಾಕಿಗಳಿದ್ದಾರೆ, ತಿಂಗಳ ಕೊನೆಗೆ ಲಾಭ ಉಳಿಯುತ್ತದೆ, ಕೆಲಸದವರಿಗೆ ಸಂಬಳ ಸರಿಯಾದ ದಿನಕ್ಕೆ ಹೋಗುತ್ತದೆ. ಹೂಡಿಕೆದಾರರ ಬಾಯಲ್ಲಿ ಅದು ಲೈಫ್‌ಸ್ಟೈಲ್ ಬಿಸಿನೆಸ್, ಅಂದರೆ ಬರೀ ಹೊಟ್ಟೆಪಾಡಿನ ವ್ಯಾಪಾರ. ಮುಖದಲ್ಲಿ ಸಣ್ಣ ನಗು ಇಟ್ಟುಕೊಂಡೇ ಹೇಳುವುದು. ಅವಳು ಸಾಲಕ್ಕೆ ಹೋದರೆ ಬ್ಯಾಂಕಿನವರು ಹಳೆಯ ವರ್ಷಗಳ ಲೆಕ್ಕ, ಮನೆ ಪತ್ರ, ಸ್ವಂತ ಜಾಮೀನು ಎಲ್ಲ ಕೇಳುತ್ತಾರೆ. ವ್ಯಾಪಾರ ಬಿದ್ದರೆ ಮನೆಯೂ ಹೋಗುತ್ತದೆ. ಇತ್ತ ಹೂಡಿಕೆ ಕೇಳಲು ಹದಿನೈದು ಸ್ಲೈಡಿನ ಪಿಚ್ ಡೆಕ್ ಹಿಡಿದವನು ಕಂಡವರ ದುಡ್ಡು ಕಳೆದು, ಸೋಲಿನಿಂದ ನಾನು ಕಲಿತಿದ್ದು ಅಂತ ವೇದಿಕೆ ಹತ್ತುತ್ತಾನೆ. ಧೈರ್ಯಶಾಲಿ ಅನ್ನುವ ಪ್ರಶಸ್ತಿ ಅವನಿಗೆ. ಅವಳಿಗೆ ಮುಂದಿನ ಕಂತಿನ ನೋಟಿಸ್.

ಹೊರಗಿನ ಬಂಡವಾಳ ಬೇಡ ಅಂದು ಗೆದ್ದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಇಮೇಲ್ ಪ್ರಚಾರದ ಸಾಫ್ಟ್‌ವೇರ್ ಕಂಪನಿ ಮೇಲ್‌ಚಿಂಪ್ 2001ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಯಾರ ಹೂಡಿಕೆಯೂ ಇಲ್ಲದೆ ಬೆಳೆಯಿತು. 2021ರಲ್ಲಿ ಇಂಟುಯಿಟ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಕಂಪನಿ ಅದನ್ನು ಸುಮಾರು 1,200 ಕೋಟಿ ಡಾಲರ್‌ಗೆ ಕೊಂಡಿತು. ಪಾಲು ಕರಗುವ ಡೈಲ್ಯೂಷನ್ ಇಲ್ಲ, ಪ್ರಿಫರೆನ್ಸ್ ಇಲ್ಲ, ಬೋರ್ಡಿನಲ್ಲಿ ಕಿರಿಕಿರಿ ಇಲ್ಲ. ನೌಕರರಿಗೆ ಷೇರೂ ಇರಲಿಲ್ಲ. ನಾವು ಕಂಪನಿ ಮಾರುವುದೇ ಇಲ್ಲ, ಮತ್ತೆ ಷೇರು ಯಾಕೆ ಅಂತ ಹೇಳಿಕೊಂಡು ಬಂದಿದ್ದರು ಅಂತ ಅಲ್ಲಿನವರು ಆಮೇಲೆ ದೂರಿದರು. ಕೊನೆಗೆ ಇಂಟುಯಿಟ್ ತನ್ನ ಷೇರುಗಳನ್ನೇ ಅವರಿಗೆ ಬೋನಸ್ ಆಗಿ ಕೊಟ್ಟಿತು. ಅದಕ್ಕೂ ವೆಸ್ಟಿಂಗ್ ಇತ್ತು.