ಮೋಜಿಗಾಗಿ ಆಡತಕ್ಕದ್ದಲ್ಲ

ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ ಮೊದಲು ಒಂದು ದೀರ್ಘದಂಡ ನಮಸ್ಕಾರ ಸಲ್ಲಬೇಕು. ಮಾರುಕಟ್ಟೆಯಿಂದ ಮರೆಯಾದ ಹಳೆಯ ವಿಡಿಯೊ ಗೇಮ್‌ಗಳನ್ನು ದೂರದಲ್ಲಿರುವ ಸಂಶೋಧಕರಿಗೂ ಆನ್‌ಲೈನ್ ಮೂಲಕ ಒದಗಿಸಲು ಗ್ರಂಥಾಲಯಗಳಿಗೆ ಅನುಮತಿ ಕೊಡಿ ಎಂಬ ಕೋರಿಕೆಯನ್ನು ಅದು 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿದ್ದು ನಿಮಗೆ ನೆನಪಿರಬಹುದು. ಕೊಟ್ಟ ಕಾರಣಗಳಲ್ಲಿ ನನ್ನ ಮನಸ್ಸನ್ನು ಸೂರೆಗೊಂಡದ್ದು ಒಂದು: ಹಾಗೆ ಕೊಟ್ಟರೆ ಜನರು ಆ ಆಟಗಳನ್ನು ಮನರಂಜನೆಗೆ ಬಳಸಿಕೊಂಡುಬಿಡುವ ಅಪಾಯವಿದೆಯಂತೆ. ಆಟವನ್ನು ಯಾರಾದರೂ ಆಡಿಬಿಟ್ಟಾರು ಎಂಬ ಭಯ ಒಂದು ಸರ್ಕಾರಿ ಕಡತದಲ್ಲಿ ಇಷ್ಟು ಗಂಭೀರವಾಗಿ ದಾಖಲಾದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ನಾನು ಇರುವುದು ಆ ಕಾನೂನಿನ ವ್ಯಾಪ್ತಿಯ ಹೊರಗೆ. ಆದರೂ ಅಂದಿನಿಂದ, ಜಪಾನಿನ ಡ್ರ್ಯಾಗನ್ ಬಾಲ್ ಚಿತ್ರಕಥೆಯ ಮೇಲೆ ಮಾಡಿದ ಹಳೆಯ ಕಾಳಗದ ಆಟ 'ಡ್ರ್ಯಾಗನ್ ಬಾಲ್ ಝಡ್: ಬುಡೋಕಾಯ್ ತೆಂಕಾಯಿಚಿ 3' ಆಡುವಾಗ ಹುಬ್ಬು ಗಂಟಿಕ್ಕಿಕೊಂಡೇ ಕೂರುತ್ತೇನೆ. ಕಥಾನಾಯಕ ಗೊಕು ಕಾಮೆಹಾಮೆಹಾ ಎಂಬ ಕಿರಣ ಬಿಟ್ಟು ಎದುರಾಳಿಯನ್ನು ಬೆಟ್ಟದೊಳಕ್ಕೆ ತೂರಿಸಿದಾಗ ಸಂತೋಷ ಉಕ್ಕಿ ಬಂದರೆ ಕೆಮ್ಮಿ ಮರೆಸುತ್ತೇನೆ. ಇಬ್ಬರ ಕಿರಣಗಳು ನಡುದಾರಿಯಲ್ಲಿ ಡಿಕ್ಕಿ ಹೊಡೆದಾಗ ಕಂಟ್ರೋಲರಿನ ಕಡ್ಡಿಗಳನ್ನು ಅಂಗೈ ಉರಿಯುವವರೆಗೆ ಗರಗರ ತಿರುಗಿಸಬೇಕಾದ ಘಟ್ಟವೊಂದಿದೆಯಲ್ಲ, ಅದನ್ನು ಈಗ ಸಂಶೋಧನೆಯ ಭಾಗವಾಗಿ ಮಾತ್ರ ತಿರುಗಿಸುತ್ತಿದ್ದೇನೆ. ಬೊಬ್ಬೆ ಬಂದರೆ ಅದು ವಿದ್ವತ್ತಿನ ಬೊಬ್ಬೆ.

ಈ ಆಟ ಬಂದದ್ದು 2007ರಲ್ಲಿ, ಪ್ಲೇಸ್ಟೇಷನ್ 2 ಮತ್ತು ವೀ ಎಂಬ ಎರಡು ಯಂತ್ರಗಳಿಗೆ. ರೂಪಾಂತರಗಳನ್ನೂ ಲೆಕ್ಕ ಹಿಡಿದರೆ 161 ಪಾತ್ರಗಳು. ಸೋಲುವುದಕ್ಕೆಂದೇ ಹುಟ್ಟಿದಂತಿರುವ ಯಾಮ್ಚಾನಿಗೂ ಅಲ್ಲೊಂದು ಗೌರವದ ಸ್ಥಾನವಿದೆ. ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಸರಣಿಯ ಹಿಂದಿನ ಆಟದ ಡಿಸ್ಕನ್ನು ಯಂತ್ರಕ್ಕೆ ತೋರಿಸಿದರೆ ಹೆಚ್ಚುವರಿ ಪಂದ್ಯಗಳು ತೆರೆದುಕೊಳ್ಳುತ್ತಿದ್ದವು. ಹಳೆಯದನ್ನು ಕೊಂಡು ಜೋಪಾನ ಮಾಡಿಕೊಂಡವನಿಗೆ ಬಹುಮಾನ ಕೊಡುತ್ತಿದ್ದ ಕಾಲವೂ ಒಂದಿತ್ತು ಎಂದರೆ ಈಗಿನವರು ನಂಬುವುದು ಕಷ್ಟ.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ವೀ ಯಂತ್ರದ ಆನ್‌ಲೈನ್ ಸೇವೆ 2014ರ ಮೇ 20ರಂದು ನಿಂತಿತು. ಅದರೊಂದಿಗೆ ಈ ಆಟದ ಆನ್‌ಲೈನ್ ಕಾಳಗವೂ ನಿಂತಿತು. ಪ್ಲೇಸ್ಟೇಷನ್ 2 ತಯಾರಿಕೆ ಅದಕ್ಕೂ ಮೊದಲೇ ಮುಗಿದಿತ್ತು. ಈಗಿನ ಪ್ಲೇಸ್ಟೇಷನ್ 5ರ ಡ್ರೈವ್ ಡಿವಿಡಿ ಸಿನಿಮಾಗಳನ್ನು ಸರಾಗವಾಗಿ ಓದುತ್ತದೆ, ಆದರೆ ಅದೇ ಡಿವಿಡಿಯ ಮೇಲೆ ಅದೇ ಕಂಪನಿಯ ಹಿಂದಿನ ಯಂತ್ರದ ಆಟವಿದ್ದರೆ ಗುರುತೇ ಇಲ್ಲದವರಂತೆ ಹೊರದಬ್ಬುತ್ತದೆ. ಸ್ವಂತ ತಾತನನ್ನು ಹೊಸ್ತಿಲಲ್ಲೇ ನಿಲ್ಲಿಸಿ 'ಯಾರು ಬೇಕಿತ್ತು?' ಎಂದು ಕೇಳುವ ಮೊಮ್ಮಗನನ್ನು ತಯಾರಿಸಲು ಎಷ್ಟೊಂದು ಎಂಜಿನಿಯರುಗಳು ದುಡಿದಿರಬೇಕು!

ಮರುಬಿಡುಗಡೆ ಮಾಡಿದರಾಯಿತಲ್ಲ ಎನ್ನುವ ಮುಗ್ಧರಿಗೆ ಡ್ರ್ಯಾಗನ್ ಬಾಲ್ ಕಥೆಯನ್ನೇ ನೆನಪಿಸಬೇಕಾಗುತ್ತದೆ. ಅಲ್ಲಿ ಏಳು ಗೋಲಿಗಳನ್ನು ಕೂಡಿಸಿದರೆ ಶೆನ್ರಾನ್ ಎಂಬ ಮಹಾಸರ್ಪ ಪ್ರತ್ಯಕ್ಷವಾಗಿ ಸತ್ತವರನ್ನೂ ಎಬ್ಬಿಸಿ ಕೊಡುತ್ತದೆ. ಆ ಕಥೆಯ ಮೇಲೆ ಮಾಡಿದ ಆಟವನ್ನು ಎಬ್ಬಿಸಲು ಏಳು ಗೋಲಿ ಸಾಲುವುದಿಲ್ಲ. ಕಥೆಯ ಹಕ್ಕು, ಚಿತ್ರದ ಹಕ್ಕು, ದನಿಯ ಹಕ್ಕು, ಹಾಡಿನ ಹಕ್ಕು ಎಂದು ಹಂಚಿಹೋದ ಎಲ್ಲರ ಸಹಿಯೂ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಕೇಳಿದ್ದೇವೆ, ಇಲ್ಲಿ ಗುಡಿಗಿಂತ ಪೂಜಾರಿಗಳ ಸಾಲೇ ಉದ್ದ. ಇದರ ಸೋದರಸಂಬಂಧಿಯಾದ ಬುಡೋಕಾಯ್ ಸರಣಿಗೆ 2012ರಲ್ಲಿ ಮರುಜನ್ಮ ಸಿಕ್ಕಿತ್ತು. ಸಂಗ್ರಹ ಎಂದು ಹೆಸರಿಟ್ಟು ಒಂದನೆಯ ಮತ್ತು ಮೂರನೆಯ ಆಟಗಳನ್ನು ಕೊಟ್ಟರು. ಎರಡನೆಯದನ್ನು ಕೊಡಲಿಲ್ಲ. ಒಂದಾದ ಮೇಲೆ ಮೂರು ಎಂದು ಎಣಿಸುವವರ ಕೈಯಲ್ಲಿ ನಮ್ಮ ಬಾಲ್ಯದ ಲೆಕ್ಕ ಪುಸ್ತಕವಿದೆ.

ಹೊಸತೇ ಬಂದಿರುವಾಗ ಹಳೆಯದರ ಗೋಳೇಕೆ ಎನ್ನುವವರೂ ಇದ್ದಾರೆ. ಹೌದು, ಕೃತಿಸ್ವಾಮ್ಯ ಕಚೇರಿಯ ಆ ತೀರ್ಪು ಬಂದ ತಿಂಗಳೇ ಇದೇ ಸರಣಿಯ ಮುಂದಿನ ಆಟವಾದ 'ಸ್ಪಾರ್ಕಿಂಗ್! ಝೀರೋ' ಕೂಡ ಬಂತು. ಚಿತ್ರಗಳ ಸೊಗಸಿಗೆ ಕಣ್ಣು ಕುಕ್ಕುತ್ತದೆ. ಆದರೆ ಬಿಡುಗಡೆಯ ಹೊತ್ತಿಗೆ, ಒಂದೇ ಟಿವಿಯ ಮುಂದೆ ಪಕ್ಕಪಕ್ಕ ಕೂತು ಪರದೆ ಹಂಚಿಕೊಂಡು ಹೊಡೆದಾಡಬೇಕೆಂದರೆ ಸಿಗುತ್ತಿದ್ದುದು ಒಂದೇ ಅಖಾಡ, ಅದೂ ಕಥೆಯಲ್ಲಿ ಬರುವ ಬಿಳಿ ಬಯಲಾದ ಕಾಲಕೋಣೆ. 2007ರ ಬಡಪಾಯಿ ಯಂತ್ರ ಊರು, ಕಾಡು, ಬೆಟ್ಟಗಳನ್ನೆಲ್ಲ ಎರಡಾಗಿ ಸೀಳಿ ತೋರಿಸುತ್ತಿದ್ದುದನ್ನು ಹದಿನೇಳು ವರ್ಷಗಳ ಪ್ರಗತಿ ಒಂದು ಖಾಲಿ ಕೋಣೆಗೆ ತಂದು ನಿಲ್ಲಿಸಿತು.

ಇಷ್ಟರವರೆಗೆ ನಕ್ಕಿದ್ದೇನೆ, ಇನ್ನು ಸಾಧ್ಯವಾಗುತ್ತಿಲ್ಲ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟದಲ್ಲೇ ಇಲ್ಲ. ಉದ್ಯಮದವರು ಅವುಗಳನ್ನು ಮಾರುವುದಿಲ್ಲ. ಮಾರದ ವಸ್ತುವಿನಿಂದ ನಷ್ಟವಾಗುತ್ತದೆಂದು ಗ್ರಂಥಾಲಯಗಳನ್ನೂ ತಡೆಯುತ್ತಾರೆ. ಹಳೆಯ ಡಿಸ್ಕಿನಿಂದ ಪ್ರತಿ ತೆಗೆದಿಟ್ಟುಕೊಂಡವನನ್ನು ಕಳ್ಳನೆನ್ನುತ್ತಾರೆ. ಹಣ ಕೊಡುತ್ತೇವೆ, ತೆಗೆದುಕೊಳ್ಳಿ ಎಂದರೂ ತೆಗೆದುಕೊಳ್ಳಲು ಅಂಗಡಿಯಲ್ಲಿ ಆಳಿಲ್ಲ. ಕೇಸು ಹಾಕಲು ಮಾತ್ರ ವಕೀಲರ ಪಡೆಯಿದೆ. ಇದನ್ನು ಹಾಸ್ಯವಾಗಿ ಬರೆದು ಬರೆದು ನನಗೆ ಸಾಕಾಗಿದೆ.

ಡ್ರ್ಯಾಗನ್ ಬಾಲ್ ಕಥೆಯ ಖಳ ಫ್ರೀಝಾ ಒಮ್ಮೆ ನಾಮೆಕ್ ಗ್ರಹ ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದಿದ್ದ. ಆ ಐದು ನಿಮಿಷ ಕಂತಿನ ಮೇಲೆ ಕಂತಾಗಿ ವಾರಗಟ್ಟಲೆ ಎಳೆಯಿತು. ನನ್ನ ಡಿಸ್ಕಿಗೂ ಅಂಥ ಐದು ನಿಮಿಷವೇ ಉಳಿದಿರುವಂತಿದೆ. ಪ್ರತಿ ಸಲವೂ ಯಂತ್ರ ಕಟಕಟ ಸದ್ದು ಮಾಡಿ, ಡಿಸ್ಕ್ ಓದಲಾಗುತ್ತಿಲ್ಲ ಎನ್ನುತ್ತದೆ. ನಾನು ಹೊರತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕುತ್ತೇನೆ. ಇವತ್ತು ನಾಲ್ಕನೆಯ ಯತ್ನಕ್ಕೆ ಓದಿತು. ಯಾಮ್ಚಾನನ್ನು ಆರಿಸಿಕೊಂಡು, ಮುಖ ಗಂಟಿಕ್ಕಿಕೊಂಡು, ಸಂಶೋಧನೆಗೆ ಕೂತೆ.