ಸ್ಪಷ್ಟನೆ: ಅದು ಡೈನೊಸಾರ್ ಹಲ್ಲಲ್ಲ, ಬಾಗಲಕೋಟೆಯದ್ದೂ ಅಲ್ಲ

‘ಲೋಕಾಪುರದ ಸುಣ್ಣದಕಲ್ಲಿನಲ್ಲಿ ಡೈನೊಸಾರ್ ಹಲ್ಲು’ ಎಂಬ ವಾಟ್ಸಾಪ್ ಚಿತ್ರ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಚಿತ್ರದಲ್ಲಿರುವುದು ಒಂಟಿಹವಳದ ಪಳೆಯುಳಿಕೆ, ರುಗೋಸಾ ಗಣದ್ದು. ಆಕಾರ ಕೋಡಿನಂತಿರುವುದರಿಂದ ಕಣ್ಣು ಮೋಸಹೋಗುತ್ತದೆ. ಅಗಲವಾದ ತುದಿ ನೋಡಿ: ಬಟ್ಟಲಿನಂಥ ತಗ್ಗು. ಒಂದೇ ಹವಳಜೀವಿ ಅಲ್ಲಿ ಕೂತಿರುತ್ತಿತ್ತು. ಅಂಚಿನಿಂದ ನಡುವಿಗೆ ಚಕ್ಕಡಿ ಗಾಲಿಯ ಅರಗಳಂತೆ ಬರುವ ತೆಳು ಗೋಡೆಗಳೇ ಸೆಪ್ಟಾ. ಹಲ್ಲಿಗೆ ಇವು ಇರುವುದಿಲ್ಲ. ಹೊರಮೈಯ ಅಡ್ಡ ಸುಕ್ಕುಗಳು ಬೆಳವಣಿಗೆಯ ಗುರುತು. ಉದ್ದಕ್ಕೆ ಸೀಳಿದರೆ ಒಳಗೆ ಮಾಳಿಗೆಯಂಥ ಅಡ್ಡತಟ್ಟೆಗಳು, ಅಂದರೆ ಟ್ಯಾಬುಲಾ, ಕಾಣುತ್ತವೆ.

ಗಣ ತಿಳಿಯಲು ಮೊನೆಯ ಹತ್ತಿರ ಅಡ್ಡ ಕೊಯ್ದು, ನುಣುಪು ಮಾಡಿ, 10 ಪಟ್ಟಿನ ಲೆನ್ಸಿನಲ್ಲಿ ನೋಡಬೇಕು. ಮೊದಲ 6 ಸೆಪ್ಟಾಗಳ ನಂತರ ಹೊಸವು 4 ಕಡೆ ಮಾತ್ರ ಸೇರಿದ್ದರೆ ರುಗೋಸಾ. 6 ಭಾಗಗಳಲ್ಲೂ ಸೇರಿದ್ದರೆ ಇಂದಿನ ಹವಳಗಳ ಸ್ಕ್ಲೆರಾಕ್ಟಿನಿಯಾ. ಬಟ್ಟಲಿನ ಅಂಚಿನಲ್ಲಿ ಎಣಿಸಿದರೆ ಎಡವುವುದೇ ಹೆಚ್ಚು, ಅಲ್ಲಿ ಸೆಪ್ಟಾ ದಟ್ಟವಾಗಿ ಈ ಕ್ರಮ ಮರೆಯಾಗಿರುತ್ತದೆ.

ರುಗೋಸಾ ಅಳಿದದ್ದು ಸುಮಾರು 25 ಕೋಟಿ ವರ್ಷದ ಹಿಂದೆ, ಡೈನೊಸಾರ್‌ಗಳಿಗೂ ಮೊದಲು. ಬಾಗಲಕೋಟೆ ಜಿಲ್ಲೆಯ ಲೋಕಾಪುರದಲ್ಲಿರುವ, ಕಲಾದಗಿ ಶ್ರೇಣಿ ಎಂಬ ಶಿಲಾಪದರಗಳ ಸುಣ್ಣದಕಲ್ಲು 100 ಕೋಟಿ ವರ್ಷಕ್ಕೂ ಹಳೆಯದು. ಆಗ ಹವಳವೇ ಹುಟ್ಟಿರಲಿಲ್ಲ. ಇಲ್ಲಿ ಸಿಗುವುದು ರೊಟ್ಟಿ ಪೇರಿಸಿಟ್ಟಂಥ ಪದರಗಳ ಸ್ಟ್ರೊಮ್ಯಾಟೊಲೈಟ್, ಸೂಕ್ಷ್ಮಜೀವಿಗಳ ಕೆಲಸ.